ಕೆಮ್ಮಿಗೆ ಜೇನು

"ಯಾರಿಗೇ ಬರೆದಿದ್ದೀಯ ಇದನ್ನ? ನಿಮ್ಮವ್ವಂಗಾ?"

ಕಚೇರಿಯ ಯಜಮಾನ ಉಸ್ತಾದ್ ಶೌಕತ್ ಇನ್ಶಿರಾಹಳ ಕುರ್ಚಿಯ ಹಿಂದೆ ನಿಂತು, ಪರದೆಯ ಮೇಲಿನ ಸಾಲನ್ನು ಅವಳ ಹಳ್ಳಿಯ ರಾಗದಲ್ಲೇ ಅಣಕಿಸಿ ಓದಿದ. "'ಅವ್ವಾ, ಕೂಸಿಗೆ ವರ್ಷ ತುಂಬಿಲ್ಲ ಅಂದ್ರೆ ಜೇನು ನೆಕ್ಕಿಸಬ್ಯಾಡ.' ಥೂ! ಕೆಮ್ಮಿಗೆ ಮದ್ದೇನು ಅಂದ್ರೆ ಪುರಾಣ ಊದ್ತಾಳೆ."

"ಓದೋರು ತಾಯಂದ್ರು, ಉಸ್ತಾದ್."

"ಯಾವ ಮುಂಡೇದು ಓದುತ್ತೆ ಈಗ? ಫೋನನ್ನ ಕೇಳ್ತಾರೆ. ಎಐ ನಮ್ಮ ಪುಟದಿಂದ ಎರಡು ಸಾಲು ಕಿತ್ಕೊಂಡು ಹೇಳುತ್ತೆ. ಮುಗೀತು. ಅದರ ಬಾಯಿಗೆ ತುತ್ತು ಮಾಡಿಡೋದು ನಿನ್ನ ಕೆಲಸ. ಆದ್ರೆ-ಗೀದ್ರೆ ಅಂತಿದ್ರೆ ಅದು ಪಕ್ಕದವನ ವೆಬ್‌ಸೈಟಿಗೆ ಹೋಗುತ್ತೆ."

ಅವಳ ಭುಜದ ಮೇಲಿಂದ ಕೈಚಾಚಿ ಆ ಸಾಲನ್ನು ತಾನೇ ಅಳಿಸಿದ. 'ಮಗುವಿನ ಕೆಮ್ಮಿಗೆ ಒಂದು ಚಮಚ ಜೇನು ಕೊಡಿ' ಎಂಬುದಷ್ಟೇ ಉಳಿಯಿತು. ಪಕ್ಕದಲ್ಲಿ ಡಾಕ್ಟರೊಬ್ಬನ ಫೋಟೊ, ಹೆಸರು. ಅಂಥ ಡಾಕ್ಟರೇ ಇರಲಿಲ್ಲ. ಆ ಮುಖವನ್ನೂ ಯಂತ್ರವೇ ಮಾಡಿಕೊಟ್ಟಿತ್ತು.

ಕೈರೋದ ಅರ್ದ್ ಅಲ್-ಲಿವಾ ಬಡಾವಣೆಯಲ್ಲಿ, ಬೇಯಿಸಿದ ಕಾಳಿನ ಫೂಲ್ ಮಾರುವ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಾವು ನಾಲ್ವರು ಹೆಂಗಸರು ಮನೆಮದ್ದಿನ ವೆಬ್‌ಸೈಟಿಗೆ ಹೀಗೆ ಬರೆಯುತ್ತಿದ್ದೆವು. ಮೊದಲೆಲ್ಲ ಓದಿದವರು ಪುಟದ ಕೆಳಗೆ ಎರಡು ಮಾತು ಬರೆದು ಹೋಗುತ್ತಿದ್ದರು. 'ನಿನ್ನ ಕೈ ತಣ್ಣಗಿರಲಿ ತಾಯಿ, ಮಗ ಎದ್ದು ಕೂತ' ಎಂದು ಒಬ್ಬಳು ಬರೆದದ್ದನ್ನು ಇನ್ಶಿರಾಹ್ ಟೀ ಕುಡಿಯುವಾಗಲೆಲ್ಲ ನಮಗೆ ಓದಿ ಹೇಳುತ್ತಿದ್ದಳು. ಯಂತ್ರಕ್ಕೆ ಅದು ಬೇಕಿಲ್ಲವೆಂದು ಶೌಕತ್ ಆ ಜಾಗವನ್ನೂ ಮುಚ್ಚಿಸಿದ. ಬಿಟ್ಟುಹೋಗಲು ನಮಗೆ ಬೇರೆ ಕಡೆ ಇರಲಿಲ್ಲ. ಇಂಥ ಕೆಲಸವಿದ್ದ ಕಚೇರಿಗಳೆಲ್ಲ ಹೆಂಗಸರನ್ನು ಮನೆಗೆ ಕಳಿಸಿ ಯಂತ್ರವನ್ನು ಕೂರಿಸಿಕೊಂಡಿದ್ದವು.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ, ಸೈಟಿನಲ್ಲಿದ್ದ ವಿಳಾಸ ಹಿಡಿದು ಒಬ್ಬ ಮೆಟ್ಟಿಲು ಹತ್ತಿ ಬಂದ. ಹಮ್ದಾನ್ ಎಂದು ಹೆಸರು, ಟುಕ್‌ಟುಕ್ ಓಡಿಸುವವನು.

"ಡಾಕ್ಟ್ರನ್ನ ಕರೀರಿ," ಎಂದ. "ಜೇನು ಕೊಡು ಅಂದೋನ್ನ."

ನಾವೆಲ್ಲ ಶೌಕತ್‌ನ ಕಡೆ ತಿರುಗಿದೆವು.

"ನಾಲ್ಕು ತಿಂಗಳ ಕೂಸು. ಮೊಲೆ ಚೀಪಲ್ಲ. ಕತ್ತು ನಿಲ್ಲಲ್ಲ. ಅಳೋಕೂ ದನಿ ಇಲ್ಲ ಅದಕ್ಕೆ. ಗಂಟಲಿಗೆ ಕೊಳವೆ ಹಾಕವ್ರೆ. ಜೇನಿಂದ್ಲೇ ಹಿಂಗಾಗಿರೋದು, ಯಾರು ಕೊಡು ಅಂದ್ರು ಅಂತ ಆಸ್ಪತ್ರೇಲಿ ಕೇಳಿದ್ರು. ಫೋನು ಅಂದೆ."

"ಮತ್ತೆ ಫೋನನ್ನೇ ಕೇಳು," ಎಂದ ಶೌಕತ್. "ನಾವೇನು ನಿಮ್ಮನೇಗೆ ಬಂದು ಬಾಯಿಗೆ ಹುಯ್ದಿದ್ವಾ?"

ಹಮ್ದಾನ್ ಒಂದು ಹೆಜ್ಜೆ ಮುಂದಿಟ್ಟ. ಶೌಕತ್ ತಟ್ಟನೆ ಇನ್ಶಿರಾಹಳ ರಟ್ಟೆ ಹಿಡಿದು ಎಳೆದು ಅವನ ಮುಂದೆ ನಿಲ್ಲಿಸಿದ. "ಇವಳೇ ಬರೆದೋಳು. ಹಳ್ಳಿ ಎಮ್ಮೆ. ಕಾಲು ಹಿಡ್ಕೊಳ್ಳೇ ಅವನದ್ದು."

ಹಮ್ದಾನ್ ಅವಳನ್ನೇ ನೋಡಿದ. "ನೀನಾ ಡಾಕ್ಟ್ರು?"

"ಡಾಕ್ಟ್ರೇ ಇಲ್ಲ ಕಣಣ್ಣ," ಎಂದಳು. "ಕೊಡಬ್ಯಾಡ ಅಂತ ನಾನು ಬರೆದಿದ್ದೆ. ಇವನು ಅಳಿಸ್ದ."

ಶೌಕತ್ ಅವಳ ಕೆನ್ನೆಗೆ ಹೊಡೆದ.

ಹಮ್ದಾನನ ಕೈ ಮೇಲೇಳಲಿಲ್ಲ. ಅವನು ನಮ್ಮ ಮುಖಗಳನ್ನು, ಗುಂಯ್‌ಗುಡುವ ಪರದೆಗಳನ್ನು, ಆ ಫೋಟೊವನ್ನು ಒಂದೊಂದಾಗಿ ನೋಡಿದ. "ಹಂಗಾರೆ ನಾನು ಯಾರ ಕುತ್ತಿಗೆ ಹಿಡೀಲಿ?" ಎಂದು ಕೇಳಿದ. ಆಮೇಲೆ ಗೋಡೆ ಹಿಡಿದುಕೊಂಡು ಇಳಿದುಹೋದ.

"ಕೆಲಸ ಮಾಡ್ರೇ," ಎಂದ ಶೌಕತ್.

ಇನ್ಶಿರಾಹ್ ಕೂತು ಬರೆದಳು. ಪಕ್ಕದಲ್ಲಿದ್ದ ನನಗೆ ಕಂಡಿತು. ಡಾಕ್ಟರನ ಫೋಟೊ ಅಳಿಸಿದಳು. ಮೊದಲ ಸಾಲಿನಲ್ಲೇ, 'ವರ್ಷ ತುಂಬದ ಕೂಸಿಗೆ ಜೇನು ಕೊಡಬೇಡಿ. ಇದನ್ನು ಬರೆದದ್ದು ಡಾಕ್ಟರಲ್ಲ, ಇನ್ಶಿರಾಹ್.'

ನನ್ನದು ಜ್ವರದ ಪುಟ. ನಾನೂ ಆ ಡಾಕ್ಟರನ್ನು ತೆಗೆದು, 'ಬರೆದವಳು ಬುಥೈನಾ' ಎಂದು ಹಾಕಿದೆ. ಆಚೆ ಕೂತ ಸೌಸನ್, ಅವಳಾಚೆ ನಯೀಮಾ ಕೂಡ ತಂತಮ್ಮ ಹೆಸರು ಹಾಕಿದರು.

ಶೌಕತ್ ಅದನ್ನು ನೋಡಿದಾಗ ಕೂಗಲಿಲ್ಲ. ಎದ್ದುಹೋಗಿ ಬಾಗಿಲ ಚಿಲಕ ಹಾಕಿದ. "ಆ ಹೆಸರುಗಳನ್ನ ತೆಗೀರಿ. ತೆಗೆಯೋವರೆಗೂ ಒಬ್ಬಳೂ ಉಚ್ಚೆಗೂ ಹೋಗಂಗಿಲ್ಲ."

ನಾವು ಕೀಲಿಗಳಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆವು.

ಅವನು ನಕ್ಕ. ತನ್ನ ಫೋನನ್ನು ಮೇಲೆತ್ತಿ, "ಕೂಸಿಗೆ ಕೆಮ್ಮು, ಏನು ಕೊಡಲಿ?" ಎಂದು ಕೇಳಿದ. ಫೋನು ಅಕ್ಕರೆಯ ದನಿಯಲ್ಲಿ ಒಂದು ಚಮಚ ಜೇನಿನ ಆ ಹಳೆಯ ಸಾಲನ್ನೇ ಹೇಳಿತು. "ಕೇಳಿದ್ರಾ? ಅದರ ಹೊಟ್ಟೇಲಿರೋದನ್ನ ಹೆಂಗ್ರೇ ತೆಗೀತೀರಿ, ರಂಡೇರಾ?"

ಇನ್ಶಿರಾಹಳ ಪುಟ ಅಳಿಸಲು ಬಂದ. ಅವಳು ಎರಡೂ ತೋಳು ಚಾಚಿ ಕೀಲಿಮಣೆಯ ಮೇಲೆ ಎದೆಯೂರಿ ಮಲಗಿಬಿಟ್ಟಳು. ಪರದೆಯ ಮೇಲೆ ಒಂದೇ ಅಕ್ಷರ ಸಾಲುಸಾಲಾಗಿ ಓಡತೊಡಗಿತು. ಅವನು ತಲೆವಸ್ತ್ರದೊಡನೆ ಅವಳ ಕೂದಲನ್ನೂ ಹಿಡಿದು ಎಳೆದ. ಅವಳು ಬಿಡಲಿಲ್ಲ.

ಸೌಸನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ನಯೀಮಾ ಎದ್ದಳು. ನಾನೂ ಎದ್ದೆ.

ಶೌಕತ್ ತಿರುಗಿ ನಮ್ಮನ್ನು ನೋಡಿದ. ಆಮೇಲೆ, ತಾನೇ ಚಿಲಕ ಹಾಕಿದ್ದ ಬಾಗಿಲನ್ನು ನೋಡಿದ.