ಎಡಭುಜದ ನೋವು

ಆ ಹೆಬ್ಬೆರಳು ಪುಟ್ಟಿಯ ಎಡಭುಜದ ಮೇಲೆ ಅದೆಷ್ಟು ಮೆಲ್ಲಗೆ ಇಳಿಯುತ್ತಿದೆ, ಆದರೂ ಮಗು ಹಲ್ಲು ಕಚ್ಚುತ್ತಿದೆ, ಇಲ್ಲಿ ನೋವಾ ಚಿನ್ನಾ ಎನ್ನುತ್ತಿದ್ದಾರೆ ಫಿಸಿಯೋಥೆರಪಿ ಡಾಕ್ಟರು, ಹೂಂ, ಇಲ್ಲಿ, ಹೂಂ — ಮುಲಾಮಿನ ಘಾಟಿಗೆ ಅಮ್ಮನ ಕಣ್ಣು ಉರಿಯಿತು, ಆರನೇ ಕ್ಲಾಸಿಗೇ ಮುದುಕಿಯರ ನೋವು ಅಂದರೆ ಯಾರಾದರೂ ನಂಬುತ್ತಾರಾ, ಎಲ್ಲ ಆ ಬ್ಯಾಗಿನದೇ ಕಿತಾಪತಿ, ಇಲ್ಲವೇ ಮೊಬೈಲಿನದು, ನೆಟ್ಟಗೆ ಕೂತ್ಕೊಳೇ, ಗೂನಿ ಆಗ್ತೀಯಾ ಅಂತ ಹೇಳಿ ಹೇಳಿ ಬಾಯಿ ಬತ್ತಿಹೋಗಿದೆ, ಬಾಯಿಯೇ ಅಮ್ಮನ ಅನ್ನದ ದಾರಿ, ರೈಲ್ವೆ ಸ್ಟೇಷನ್ನಿನಲ್ಲಿ ದಿನವಿಡೀ ಮೈಕಿನ ಮುಂದೆ ಕೂತು ಪ್ರಯಾಣಿಕರ ಗಮನಕ್ಕೆ ಎಂದು ಜೇನು ಸುರಿಯುವ ದನಿ ಅವಳದು, ರೈಲು ತಡ ಅಂತ ನೀವು ಹೇಳಿದ್ರೆ ಬೈಯೋಕೆ ಬಂದವರೂ ಕೂತು ಕೇಳ್ತಾರಮ್ಮಾ ಎಂದು ಸ್ಟೇಷನ್ ಮಾಸ್ತರರು ನಗುತ್ತಾರೆ — ಬ್ಯಾಗನ್ನ ಬಲಗಡೆ ಹಾಕ್ತಾಳಂತೆ, ನೋವು ಎಡಗಡೆ, ಅದೇ ನಂಗೆ ಬಗೆಹರೀತಿಲ್ಲ, ಎಂದರು ಡಾಕ್ಟರು, ಮನೇಲಿ ಓದೋಕೆ ಎಲ್ಲಿ ಕೂತ್ಕೊತಾಳೆ? ಟೇಬಲ್ ಇದೆ ಡಾಕ್ಟ್ರೇ, ಹೊಸ ಕುರ್ಚಿ ಇದೆ, ಅವರಪ್ಪ ದಂಡ ಅಂದ್ರು, ನಾನೇ ಹಟ ಹಿಡಿದು ತಂದೆ — ಆ ಕುರ್ಚಿಗೂ ಒಂದು ಸಂಜೆಯಿಡೀ ರಂಪ ಆಗಿತ್ತಲ್ಲ, ತಟ್ಟೆ ಒಡೆದದ್ದು ಆವತ್ತೇನಾ, ಇರಲಿ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.

ಪುಟ್ಟೀ, ಮನೇಲಿ ಬರೀವಾಗ ಹೇಗೆ ಕೂತ್ಕೊತೀಯೋ ಹಾಗೇ ಕೂತು ತೋರ್ಸು, ಎಂದರು ಡಾಕ್ಟರು, ಮಗು ಒಮ್ಮೆ ಅಮ್ಮನ ಮುಖ ನೋಡಿತು, ಪಕ್ಕದಲ್ಲೇ ಒಂದು ಕುರ್ಚಿ ಇತ್ತು, ಅದನ್ನು ದಾಟಿ ಹೋಗಿ ತಪಾಸಣೆಯ ಮಂಚದ ಕೆಳಗೆ ನುಸುಳಿ, ಮೂಲೆಗೆ ಮುದುಡಿ, ಮೊಣಕಾಲನ್ನು ಎದೆಗೆ ಎಳೆದುಕೊಂಡು, ಬಲಗಿವಿಯನ್ನು ಗೋಡೆಗೆ ಒತ್ತಿ, ಬಲಗೈಯಲ್ಲಿ ಇಲ್ಲದ ಪೆನ್ನು ಹಿಡಿದು ಮೊಣಕಾಲ ಮೇಲೆ ಬರೆಯತೊಡಗಿತು, ಎಡಗೈ — ಎಡಗೈ ಮೇಲೆತ್ತಿ ಅಂಗೈಯಿಂದ ಎಡಗಿವಿ ಮುಚ್ಚಿಕೊಂಡಿತು. ಅದ್ಯಾಕೆ ಚಿನ್ನಾ, ಕಿವಿ ಮುಚ್ಕೊಳ್ಳೋದು? ಎಂದರು ಡಾಕ್ಟರು. ಅಡುಗೆಮನೆ ಆ ಕಡೆ ಇದೆ ಡಾಕ್ಟ್ರೇ, ಎಂದಳು ಪುಟ್ಟಿ, ದೂರು ಹೇಳುವ ದನಿಯಲ್ಲಿ ಅಲ್ಲ, ದಾರಿ ಕೇಳಿದವರಿಗೆ ದಾರಿ ಹೇಳಿದ ಹಾಗೆ, ಅಪ್ಪ ಅಮ್ಮ ಅಲ್ಲೇ ಕಿತ್ತಾಡೋದು, ಹಿಂಗೆ ಕೂತ್ರೆ ಅಪ್ಪಂದು ಕೇಳ್ಸಲ್ಲ, ಅಮ್ಮಂದು ಸ್ವಲ್ಪ ಕೇಳ್ಸತ್ತೆ, ಇನ್ನೂ ಗಟ್ಟಿಯಾಗಿ ಒತ್ಕೋಬೇಕು.

ಅಮ್ಮನ ಕೈಯಲ್ಲಿದ್ದ ಪುಟ್ಟಿಯ ಸ್ವೆಟರ್ ಜಾರಿ ಬಿತ್ತು, ದಿನಾನಾ, ದಿನಾ ಸಂಜೆನಾ, ಮಂಚದ ಕೆಳಗೆ ಏನೇ ನಿಂದು, ಧೂಳು, ಎದ್ದು ಬಾ ಎಂದು ಗದರಿದಾಗೆಲ್ಲ ಆ ಅಂಗೈ ಅಲ್ಲೇ ಇತ್ತಾ, ಅನ್ನ ಕುದಿಯುತ್ತಿರುವಾಗ, ನಿಮ್ಮಮ್ಮ, ನಿಮ್ಮಪ್ಪ, ನಿಮ್ಮ ವಂಶ ಎಂದು ತಾನು ಕೂಗುತ್ತಿರುವಾಗ, ಊರೇ ಕಿವಿಗೊಟ್ಟು ಕೇಳುವ ದನಿ, ಅದಕ್ಕೆ ಅಡ್ಡ ಹಿಡಿದ ಇಷ್ಟೇ ಇಷ್ಟು ಅಂಗೈ, ಕೈ ಸೋಲುತ್ತಿರಲಿಲ್ಲವಾ, ಸೋತಾಗ ಇಳಿಸುತ್ತಿದ್ದಳಾ, ಇಳಿಸಿದಾಗ ಏನು ಕೇಳಿಸುತ್ತಿತ್ತು — ಭುಜ ಸಡಿಲ ಆಗೋಕೆ ವ್ಯಾಯಾಮ ಹೇಳ್ಕೊಡ್ತೀನಿ, ಎನ್ನುತ್ತಿದ್ದಾರೆ ಡಾಕ್ಟರು, ಆದ್ರೆ ಅಮ್ಮಾ, ಎಂದು ಮಂಚದ ಕಡೆ ನೋಡಿದರು, ಪುಟ್ಟೀ, ಈಚೆ ಬಾ ಎಂದಳು ಅಮ್ಮ, ಗಾಬರಿಗೆ ದನಿ ಒಂಚೂರು ಏರಿತು ಅಷ್ಟೇ, ಬೇಕೆಂದಲ್ಲ, ಮಂಚದ ಕೆಳಗೆ ಅಂಗೈ ಕಿವಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿತು, ಬೆರಳ ತುದಿ ಬೆಳ್ಳಗಾಗುವಷ್ಟು, ಆ ಅಂಗೈ, ಆ ಬೆಳ್ಳಗಿನ ತುದಿ, ಆ ಅಂಗೈ —