ಬಲಕ್ಕೆ ಮೂವತ್ತಮೂರು, ಎಡಕ್ಕೆ ಎಂಟು

ನನ್ನ ಕಾಲು ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸಬೇಕು. ಮೊಣಕಾಲ ಕೆಳಗೆ ನರಗಳು ಉಬ್ಬಿ ಗಂಟುಗಂಟಾಗಿವೆ. ಜರಗನಹಳ್ಳಿಯ ಊರಮ್ಮನ ಗುಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಪೂಜೆ ಮಾಡಿದ್ದೇನೆ ಅನ್ನುವುದಕ್ಕಿಂತ ನಿಂತಿದ್ದೇನೆ ಅನ್ನುವುದೇ ಸರಿ. ಹೆಸರು ಗೌರೀಶಂಕರ, ಊರವರ ಬಾಯಲ್ಲಿ ಐನೋರು. ಕಾಲಾದರೂ ಪರವಾಗಿಲ್ಲ, ಸೊಂಟ ಬಗ್ಗಿಸುವಾಗ ಜೀವ ಬಾಯಿಗೆ ಬರುತ್ತದೆ.

ಮಂಗಳವಾರ, ಶುಕ್ರವಾರ ನಮ್ಮಲ್ಲಿ ಹೂವಿನ ಪ್ರಸಾದ ಕೇಳುತ್ತಾರೆ. ಅಮ್ಮನ ಎರಡು ಭುಜಕ್ಕೂ ಒಂದೊಂದು ಕಣಗಿಲೆ ಎಸಳನ್ನು ನೀರು ಹಚ್ಚಿ ಅಂಟಿಸುತ್ತೇನೆ. ಕೇಳುವವರು ಕೇಳಿಕೊಳ್ಳುತ್ತಾರೆ. ಬಲಗಡೆಯದು ಮೊದಲು ಉದುರಿದರೆ ಆಗಲಿ ಅಂತ, ಎಡಗಡೆಯದು ಉದುರಿದರೆ ಬೇಡ ಅಂತ. ನಾನು ಬಂದ ಹೊಸತರಲ್ಲಿ ಬೋರ್‌ವೆಲ್ ಎಲ್ಲಿ ಕೊರೆಸಲಿ ಅಂತ ಕೇಳುತ್ತಿದ್ದರು, ಹುಡುಗಿಗೆ ಈ ಗಂಡು ಆದೀತೇ ಅಂತ ಕೇಳುತ್ತಿದ್ದರು. ಈಗ ಹೊಲಗಳ ಮೇಲೆ ನಾಲ್ಕು ಮಹಡಿಯ ಬಾಡಿಗೆ ಮನೆಗಳೆದ್ದಿವೆ. ಮೇ ತಿಂಗಳು ಬಂತೆಂದರೆ ಎಲ್ಲರದೂ ಒಂದೇ ಪ್ರಶ್ನೆ, ಪಿಯುಸಿಗೆ ಯಾವ ಕಾಂಬಿನೇಷನ್ ಅಂತ. ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು ಎಲ್ಲರಿಗೂ ಇದ್ದದ್ದೇ. ಜಗಳವೆಲ್ಲ ನಾಲ್ಕನೆಯದಕ್ಕೆ. ಬಯಾಲಜಿಯೋ, ಕಂಪ್ಯೂಟರೋ, ಎಲೆಕ್ಟ್ರಾನಿಕ್ಸೋ. ಒಬ್ಬರಾದ ಮೇಲೊಬ್ಬರು ಬಂದು ಅಮ್ಮನ ಮುಂದೆ ಪಿಸಿಎಂಬಿ, ಪಿಸಿಎಂಸಿ ಅಂತ ಒದರುತ್ತಾರೆ. ಪಾಪ, ಅವಳಿಗೂ ಸಾಕುಸಾಕಾಗಿರಬೇಕು.

ಗುರುವಾರ ಮಧ್ಯಾಹ್ನ ನಾನು ಬಾಗಿಲು ಹಾಕಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೆ. ಚಿಕ್ಕಬೈರಪ್ಪನವರ ಮೊಮ್ಮಗಳು ಅರ್ಪಿತ ಬಂದಳು. ಚಿಕ್ಕಬೈರಪ್ಪ ಅಂದರೆ ಗುಡಿಗೆ ಜಾಗ ಬಿಟ್ಟುಕೊಟ್ಟ ಮನೆಯ ಯಜಮಾನರು. ಅವರು ಬೇಡ ಅಂದರೆ ಮಾರನೇ ದಿನವೇ ನಾನು ಗಂಟುಮೂಟೆ ಕಟ್ಟಬೇಕು. ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತಾರು ಪರ್ಸೆಂಟ್ ತೆಗೆದಿದ್ದಾಳೆ ಅಂತ ಅವರು ಬಸ್ ಸ್ಟಾಪಿನಲ್ಲೆಲ್ಲ ಹೇಳಿಕೊಂಡು ಓಡಾಡಿದ್ದರು.

"ಐನೋರೆ, ನಾಳೆ ನಮ್ ತಾತ ನಂದು ಕೇಳೋಕ್ ಬರ್ತಾರೆ. ಬಯಾಲಜಿ ಕೊಡಿಸಿ, ಜೊತೆಗೆ ಕೋಚಿಂಗ್ ಹಾಕ್ಬೇಕು ಅಂತ."

"ಬರಲಿ ಬಿಡಮ್ಮ."

"ನಂಗೆ ಬಯಾಲಜಿ ಬೇಡ. ಸ್ಟ್ಯಾಟಿಸ್ಟಿಕ್ಸ್ ತಗೋಬೇಕು. ಇಲ್ಲೇ ಜೆಪಿ ನಗರದ ಕಾಲೇಜಲ್ಲಿದೆ. ಮೂರು ಗಂಟೆಗೆ ಮನೆಗೆ ಬರಬಹುದು."

ನನಗೆ ಮೈ ಉರಿಯಿತು. ಇಂಥವರನ್ನು ನಾನು ಮೊದಲೂ ಕಂಡಿದ್ದೇನೆ. ಯಾವ ಕಡೆ ಬೇಕೋ ಆ ಕಡೆ ಬೀಳಿಸಿ ಅಂತ ಕೇಳುವವರು. "ಅಮ್ಮನ ಹತ್ರ ಆಟ ಆಡ್ಬೇಡ, ಎದ್ದು ಹೋಗು" ಅಂತ ಗದರಿಬಿಟ್ಟೆ.

ಅವಳು ಏಳಲಿಲ್ಲ. ಚೀಲದಿಂದ ಒಂದು ಗೆರೆ ಪುಸ್ತಕ ತೆಗೆದಳು. ಪರೀಕ್ಷೆ ಮುಗಿದಾಗಿನಿಂದ ಪ್ರಸಾದದ ದಿನ ತಪ್ಪದೆ ಬಂದು ಬಲಗಡೆ ಕಂಬದ ಹತ್ತಿರ ನಿಲ್ಲುತ್ತಿದ್ದಳು, ಹುಡುಗಿಗೆ ಭಕ್ತಿ ಬಂದಿದೆ ಅಂದುಕೊಂಡಿದ್ದೆ. ಪುಸ್ತಕದಲ್ಲಿ ಪೆನ್ಸಿಲಿನ ಕಡ್ಡಿಗೀಟುಗಳು.

"ನಲವತ್ತೊಂದು ಜನ ಕೇಳಿದ್ದಾರೆ. ಬಲಕ್ಕೆ ಮೂವತ್ತಮೂರು, ಎಡಕ್ಕೆ ಎಂಟು. ಸುಮ್ನೆ ಬೀಳೋದಾದ್ರೆ ಹೆಚ್ಚುಕಮ್ಮಿ ಸಮ ಇರ್ಬೇಕಲ್ವಾ?"

"ಅಮ್ಮ ಒಳ್ಳೆಯವಳು. ಕೇಳಿದ್ದಕ್ಕೆ ಹೂಂ ಅಂತಾಳೆ."

"ನೀವು ಚೊಂಬಲ್ಲಿ ಕೈ ಅದ್ದಿ ಮೊದಲು ಎಡಗಡೆ ಅಂಟಿಸ್ತೀರ. ಆಮೇಲೆ ಅದೇ ಕೈಲಿ ಬಲಗಡೆ. ಎರಡನೇ ಸಲ ಅದ್ದೋದೇ ಇಲ್ಲ. ಬಲಗಡೆದಕ್ಕೆ ನೀರು ಕಮ್ಮಿ. ಬೇಗ ಒಣಗತ್ತೆ, ಬೀಳತ್ತೆ."

ಚೊಂಬು ಇರುವುದು ನೆಲದ ಮೇಲೆ, ಅಮ್ಮನ ಪಾದದ ಹತ್ತಿರ. ಒಂದು ಸಲ ಬಗ್ಗುವುದೇ ಹೆಚ್ಚು. ಇನ್ನೊಂದು ಸಲ ಬಗ್ಗಬೇಕಲ್ಲ ಅಂತ ಸೊಂಟ ಹೇಳುತ್ತದೆ, ಬಿಡು ಅಂತ ನಾನು ಹೇಳುತ್ತೇನೆ. ಎಂದಿನಿಂದ ಹಾಗೆ ಮಾಡುತ್ತಿದ್ದೇನೋ ನನಗೇ ಗೊತ್ತಿಲ್ಲ. ಅದರ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಆಗ ನೆನಪಾದದ್ದು ದೀಪಕ್. ಇವಳ ಅಣ್ಣ. ಎರಡು ವರ್ಷದ ಹಿಂದೆ ಇದೇ ಮೇ ತಿಂಗಳಲ್ಲಿ ಅವನದನ್ನೂ ಕೇಳಿದ್ದರು, ಬಯಾಲಜಿ ಕೊಡಿಸೋಣವಾ ಅಂತ. ಅವತ್ತು ಹನ್ನೆರಡು ಮನೆಯವರು ಸಾಲಿನಲ್ಲಿದ್ದರು. ಬಲಗಡೆಯ ಎಸಳು ಒಂದೇ ನಿಮಿಷಕ್ಕೆ ಬಿದ್ದಿತ್ತು, ಎಲ್ಲರೂ ಕೈಮುಗಿದಿದ್ದರು. ನನಗೂ ಬೇಗ ಮುಗಿಯಿತಲ್ಲ ಅಂತ ಹಾಯೆನಿಸಿತ್ತು.

"ಅಣ್ಣ ಹೇಗಿದ್ದಾನಮ್ಮ?" ಅಂದೆ.

"ಈ ಮಾರ್ಚಲ್ಲಿ ಪರೀಕ್ಷೆಗೇ ಹೋಗ್ಲಿಲ್ಲ. ಎರಡು ವರ್ಷ ಬೆಳಿಗ್ಗೆ ಐದೂವರೆಗೆ ಹೋಗಿ ರಾತ್ರಿ ಒಂಬತ್ತಕ್ಕೆ ಬರ್ತಿದ್ದ. ಈಗ ರೂಮಲ್ಲೇ ಇರ್ತಾನೆ. ಬೇಡ ಅಂತ ಅವತ್ತೇ ಹೇಳಿದ್ದ ಐನೋರೆ. ಊರಮ್ಮನೇ ಒಪ್ಪಿದ್ದಾಳೆ, ನಿಂದೇನು ಅಂದ್ರು ತಾತ."



"ಎಡಕ್ಕೆ ಬೀಳಿಸಬೇಕಾ?" ಅಂತ ನಾನೇ ಕೇಳಿದೆ. ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು.

"ಬೇಡ. ಎರಡು ಸಲ ಕೈ ಅದ್ದಿ, ಅಷ್ಟು ಸಾಕು. ಸಮ ಇರಲಿ."

"ಆಮೇಲೂ ಬಲಕ್ಕೇ ಬಿದ್ರೆ?"

"ಹೋಗ್ತೀನಿ," ಅಂದಳು. ಹದಿನಾರು ವರ್ಷದ ಹುಡುಗಿಯ ಮುಖದಲ್ಲಿ ನನ್ನ ವಯಸ್ಸಿನ ಸುಸ್ತಿತ್ತು.

ಶುಕ್ರವಾರ ಮನೆಮಂದಿಯೆಲ್ಲ ಬಂದರು. ಚಿಕ್ಕಬೈರಪ್ಪನವರು, ಅವರ ಹೆಂಡತಿ ಲಕ್ಷ್ಮಿದೇವಮ್ಮ, ಮಗ ಶಶಿಧರ್. ದೀಪಕ್‌ನನ್ನೂ ಎಬ್ಬಿಸಿಕೊಂಡು ಬಂದಿದ್ದರು. ಅವನು ಒಳಗೆ ಬಾರದೆ ಜಗಲಿಯ ಮೇಲೆ ಕೂತ. ಊದಿಕೊಂಡ ಮುಖ, ಬೆಳೆದ ಗಡ್ಡ. ಅರ್ಪಿತ ಬಲಗಡೆ ಕಂಬದ ಹತ್ತಿರ ತನ್ನ ಜಾಗದಲ್ಲಿ ನಿಂತಳು.

ಎಸಳು ಅಂಟಿಸುವ ಮುಂಚೆ ನಾನು ಒಂದು ಪ್ರಯತ್ನ ಮಾಡಿದೆ. "ಯಜಮಾನರೇ, ಮಗುವಿಗೆ ಏನು ಇಷ್ಟ ಅಂತ ಕೇಳಿದ್ರಾ?"

"ಮಕ್ಕಳಿಗೆ ಏನ್ ಗೊತ್ತಾಗತ್ತೆ ಐನೋರೆ? ರೋಡಿಗೆ ಮುಖ ಇರೋ ಅಂಗಡಿನ ಕ್ಲಿನಿಕ್ಕಿಗೆ ಅಂತಾನೆ ಎರಡು ವರ್ಷದಿಂದ ಖಾಲಿ ಇಟ್ಟಿದೀನಿ. ಅವನ ಕೈಲಿ ಆಗ್ಲಿಲ್ಲ. ಇವಳಾದ್ರೂ ಕೂರ್ಲಿ."

"ಎಸಳು ಬೀಳೋದು ನಾನು ಹಚ್ಚೋ ನೀರಿನ ಮೇಲೆ ಯಜಮಾನರೇ. ನಂದೇ ತಪ್ಪಾಗಿರಬಹುದು ಇಷ್ಟು ದಿನ."

ಅವರು ನಕ್ಕುಬಿಟ್ಟರು. "ನೀರೂ ಅಮ್ಮಂದೇ, ಕೈಯೂ ಅಮ್ಮಂದೇ. ನೀವು ಅಂಟಿಸಿ."

ಹೇಳಬೇಕಾದ್ದನ್ನು ಹೇಳಿದೆ, ಕೇಳಲಿಲ್ಲ. ಬಗ್ಗಿ ಕೈ ಅದ್ದಿ ಎಡಗಡೆ ಅಂಟಿಸಿದೆ. ಮತ್ತೆ ಬಗ್ಗಿದೆ. ಸೊಂಟದಲ್ಲಿ ಛಳಕ್ ಅಂದು ಕಣ್ಣು ಕತ್ತಲಿಟ್ಟಿತು. ಗರ್ಭಗುಡಿಯ ಗೋಡೆ ಹಿಡಿದುಕೊಂಡು ಎದ್ದು ಬಲಗಡೆಯದನ್ನು ಅಂಟಿಸಿದೆ.

"ಅರ್ಪಿತಂಗೆ ಬಯಾಲಜಿ ಕೊಡಿಸ್ತೀವಿ ತಾಯಿ. ನಿನ್ನ ಒಪ್ಪಿಗೆ ಇದ್ರೆ ಬಲಗಡೆ ಕೊಡು" ಅಂತ ಚಿಕ್ಕಬೈರಪ್ಪನವರು ಜೋರಾಗಿ ಕೇಳಿದರು.

ಎಸಳುಗಳು ಅಲ್ಲಾಡಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕನಕಪುರ ರಸ್ತೆಯ ಬಸ್ಸುಗಳ ಹಾರ್ನ್ ಒಳಗಿನವರೆಗೂ ಬರುತ್ತಿತ್ತು. ಲಕ್ಷ್ಮಿದೇವಮ್ಮ ನಿಲ್ಲಲಾರದೆ ಕೂತರು. ಸಾಲಿನಲ್ಲಿದ್ದವರು ಗೊಣಗತೊಡಗಿದರು. ನನ್ನ ಕಾಲಿನ ನರಗಳು ಹರಿದುಹೋಗುತ್ತವೇನೋ ಅನ್ನಿಸುತ್ತಿತ್ತು, ಆದರೂ ಇದೊಂದು ಸಲವಾದರೂ ಸರಿಯಾಗಿ ಆಗುತ್ತಿದೆಯಲ್ಲ ಅಂತ ಒಂದು ಸಮಾಧಾನ.

ಆಮೇಲೆ ಬಲಗಡೆಯದು ಬಿತ್ತು.

ಸದ್ದಿಲ್ಲದೆ ಜಾರಿ ಅಮ್ಮನ ಸೀರೆಯ ನೆರಿಗೆಯೊಳಗೆ ಹೋಯಿತು. ನಾನು ಅಡ್ಡ ನಿಂತಿದ್ದೆ, ಎದುರಿಗಿದ್ದವರಿಗೆ ಕಾಣಲಿಲ್ಲ. ಸಮ ಇದ್ದಾಗಲೂ ಬಲಕ್ಕೇ ಬಿತ್ತು. ನನಗೆ ಅಮ್ಮನ ಮೇಲೆ ಎಂದೂ ಬಾರದ ಸಿಟ್ಟು ಬಂತು. ಹೊರಗೆ ಜಗಲಿಯ ಮೇಲೆ ದೀಪಕ್‌ನ ಬೆನ್ನು ಕಾಣುತ್ತಿತ್ತು. ಕರ್ಪೂರದ ತಟ್ಟೆ ಎತ್ತಿಕೊಂಡೆ. ಎತ್ತುವಾಗ ಕಿರುಬೆರಳನ್ನು ಎಡಗಡೆಯ ಎಸಳಿಗೆ ತಾಗಿಸಿದೆ.

"ಎಡ," ಅಂತ ಕೂಗಿ, ಬರಿದಾದ ಬಲಭುಜ ಕಾಣದ ಹಾಗೆ ಪಕ್ಕಕ್ಕೆ ಸರಿದೆ.

ಎಡಗಡೆಯ ಎಸಳು ಕಲ್ಲಿನ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಬಿದ್ದಿತ್ತು. ಚಿಕ್ಕಬೈರಪ್ಪನವರು ಬಹಳ ಹೊತ್ತು ಅದನ್ನೇ ನೋಡಿದರು. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಕೊನೆಗೆ ಮಗನ ಕಡೆ ತಿರುಗಿ, "ಅವಳಿಗೆ ಬೇಕಾದ್ದು ಬರೆಸು. ಅಂಗಡಿನ ಬಾಡಿಗೆಗೆ ಕೇಳ್ತಿದ್ರಲ್ಲ, ಆ ಬೇಕರಿಯವರಿಗೆ ಕೊಟ್ಬಿಡು," ಅಂದು ಪ್ರದಕ್ಷಿಣೆಗೆ ಹೊರಟರು. ಉಳಿದವರೂ ಹಿಂದೆ ಹೋದರು.

ಅರ್ಪಿತ ಹೋಗಲಿಲ್ಲ. ಅವಳು ನಿಂತ ಜಾಗದಿಂದ ಸೀರೆಯ ನೆರಿಗೆ ಕಾಣುತ್ತದೆ ಅನ್ನುವುದು ನನಗೆ ಆಗ ಹೊಳೆಯಿತು. ಪುಸ್ತಕ ತೆಗೆದು ಒಂದು ಗೀಟು ಎಳೆದಳು. ಬಲಗಡೆಯ ಸಾಲಿಗೆ ಎಳೆದಳು. ನನ್ನನ್ನು ಒಂದು ಸಲ ನೋಡಿದಳು. ಕಣ್ಣು ತುಂಬಿತ್ತು. ಪುಸ್ತಕ ಮುಚ್ಚಿ ತಾತನ ಹಿಂದೆ ಹೋದಳು.

ಸಾಲಿನಲ್ಲಿದ್ದವರಿಗೆ ಸ್ವಲ್ಪ ಇರಿ ಅಂದು ನಾನು ಹೊಸ್ತಿಲ ಹತ್ತಿರ ಒರಗಿಕೊಂಡೆ. ದೀಪಕ್ ಒಳಗೆ ಬಂದ. ಎರಡು ವರ್ಷದ ನಂತರ ಅವನನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದೆ.

"ಐನೋರೆ, ಅರ್ಪಿ ಎಲ್ಲ ಹೇಳಿದ್ಳು. ಒಂದು ಕೇಳ್ಲಾ?"

"ಕೇಳಪ್ಪ."

"ನನ್ ಸರ್ತಿ ಎಷ್ಟು ಸಲ ಕೈ ಅದ್ದಿದ್ರಿ?"

ಆಗಷ್ಟೇ ಒಂದು ಸುಳ್ಳು ಹೇಳಿದ್ದೆ. ಇನ್ನೊಂದು ಹೇಳುವುದು ಕಷ್ಟವೇನಿರಲಿಲ್ಲ. ಅವನು ನಂಬಿಬಿಡುತ್ತಿದ್ದ. ಅಮ್ಮನೇ ಒಪ್ಪಿದ್ದಳು ಅಂದುಕೊಂಡರೆ ಅವನಿಗೂ ಹಗುರವಾಗಬಹುದಿತ್ತು. ನನಗಂತೂ ಖಂಡಿತ ಹಗುರವಾಗುತ್ತಿತ್ತು.

"ಒಂದೇ ಸಲ," ಅಂದೆ.

ಅವನು ತಲೆಯಾಡಿಸಿದ. ಬೈಯುತ್ತಾನೆ ಅಂದುಕೊಂಡೆ, ಬೈದರೆ ಸಾಕು ಅಂದುಕೊಂಡೆ. ಅವನು ಗರ್ಭಗುಡಿಯ ಒಳಗೆ ನೆಲದ ಮೇಲಿದ್ದ ಚೊಂಬನ್ನು ನೋಡಿದ, ನನ್ನ ಕಾಲನ್ನು ನೋಡಿದ.

"ಸೊಂಟ ನೋವಿತ್ತಾ ಅವತ್ತು?"

"ಇತ್ತಪ್ಪ."

"ಚೊಂಬನ್ನ ಆ ಗೂಡಲ್ಲಿ ಇಟ್ಕೊಳ್ಳಿ," ಅಂದು ಅಮ್ಮನ ಪಕ್ಕದ ಗೋಡೆಯಲ್ಲಿ ನನ್ನ ಎದೆಮಟ್ಟಕ್ಕಿದ್ದ ಹಳೇ ದೀಪದ ಗೂಡನ್ನು ತೋರಿಸಿದ. "ಬಗ್ಗೋದೇ ಬೇಡ."

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ನಾನು ಒಳಗೆ ಹೋಗಿ ಚೊಂಬನ್ನು ಎತ್ತಿ ಗೂಡಿನಲ್ಲಿಟ್ಟೆ. ಅಳತೆ ಮಾಡಿಸಿದ ಹಾಗೆ ಕೂತಿತು. ಇಪ್ಪತ್ತೆಂಟು ವರ್ಷದಿಂದ ಆ ಗೂಡು ಅಲ್ಲೇ ಖಾಲಿ ಇತ್ತು.