ಒಬ್ಬರಿಗೆ ಒಂದೇ ದಾಖಲೆ

ವರ್ಷಕ್ಕೊಮ್ಮೆ ಬರುವ ಆ ಭಾನುವಾರ ಯಾವ ತಂಟೆ ತಕರಾರೂ ಇಲ್ಲದೆ ಸಾಗಿದ್ದೇ ಭವ್ಯಳಿಗೆ ಅನುಮಾನ ತರಬೇಕಿತ್ತು. ತರಲಿಲ್ಲ. ಎಲ್ಲ ಸುಸೂತ್ರವಾಗಿ ನಡೆಯುವಾಗ ಅನುಮಾನ ಪಡುವವರು ಯಾರಿದ್ದಾರೆ ಹೇಳಿ?

ಇಂದಿರಾನಗರದ ಸಿಎಂಎಚ್ ರಸ್ತೆಯ ಹಿಂದಿನ ಕಟ್ಟಡವೊಂದರಲ್ಲಿ ಅವಳ ಆಫೀಸು. ಈ ಕಡೆಯ ಹಲವಾರು ಆಸ್ಪತ್ರೆಗಳ ಸಾಫ್ಟ್‌ವೇರ್ ನೋಡಿಕೊಳ್ಳುವುದು ಅವರ ಕೆಲಸ. ರೋಗಿಯ ಹೆಸರು, ಕಾಯಿಲೆ, ಯಾವ ಔಷಧಿ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ, ಎಲ್ಲವೂ ಅದರೊಳಗೆ. ವರ್ಷಕ್ಕೊಂದು ಭಾನುವಾರ ಅದನ್ನು ಪೂರ್ತಿ ನಿಲ್ಲಿಸಿ, ಹಬ್ಬಕ್ಕೆ ಮುಂಚೆ ಮನೆ ಗುಡಿಸಿ ಸಾರಿಸಿದ ಹಾಗೆ ಒಳಗಿನ ಕಸವನ್ನೆಲ್ಲ ತೆಗೆದು ಮತ್ತೆ ಚಾಲೂ ಮಾಡುತ್ತಾರೆ. ಅಷ್ಟು ಹೊತ್ತೂ ಆಸ್ಪತ್ರೆಗಳಲ್ಲಿ ಪೆನ್ನು ಕಾಗದದ ಕಾರುಬಾರು.

ಈ ವರ್ಷದ ಕಸವೆಂದರೆ ಜೋಡಿ ದಾಖಲೆಗಳು. ಒಬ್ಬನೇ ಮನುಷ್ಯ ಒಮ್ಮೆ ಜ್ವರಕ್ಕೆ, ಒಮ್ಮೆ ಕಣ್ಣಿಗೆ ಅಂತ ಬಂದು ಎರಡೆರಡು ಸಲ ಹೆಸರು ಬರೆಸಿರುತ್ತಾನಲ್ಲ, ಅವನ್ನು ಕೂಡಿಸಿ ಒಂದು ಮಾಡುವುದು. ಜನವರಿಯ ಪ್ಲಾನಿಂಗ್ ಮೀಟಿಂಗಿನಲ್ಲೇ ಮ್ಯಾನೇಜರ್ ಕಶ್ಯಪ್ 'ಒಬ್ಬರಿಗೆ ಒಂದೇ ದಾಖಲೆ' ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದ. ಕೂಡಿಸುವ ನಿಯಮ ಮಾಡಿದವಳು ಭವ್ಯ. ಹೆಸರು, ಹುಟ್ಟಿದ ತಾರೀಖು, ಮೊಬೈಲ್ ನಂಬರು, ಮೂರೂ ಒಂದೇ ಇದ್ದರೆ ಆಸಾಮಿ ಒಬ್ಬನೇ. ಎರಡು ದಾಖಲೆಗಳಲ್ಲಿ ಬೇರೆ ಬೇರೆ ಮಾತಿದ್ದರೆ ಇತ್ತೀಚಿನದ್ದೇ ನಿಜ.

"ಅಲರ್ಜಿ ವಿಷಯಕ್ಕೂ ಹಾಗೇನಾ?" ಎಂದು ಆವತ್ತು ಕೇಳಿದ್ದು ಟೆಸ್ಟಿಂಗ್ ನೋಡುವ ಮುಬೀನ್. "ಒಂದ್ಸಲ ಮನುಷ್ಯರ ಕೈಲಿ ನೋಡಿಸ್ಬಿಡೋಣ ಭವ್ಯಾ. ಸ್ವಲ್ಪ ಲೇಟಾಗುತ್ತೆ, ಅಷ್ಟೇ ತಾನೆ?"

"ಮೂರೂ ಮ್ಯಾಚ್ ಆದ್ಮೇಲೆ ಇನ್ನೇನ್ ನೋಡಿಸ್ತೀಯ ಮಗಾ? ಜಾತಕಾನಾ?"

ಎಲ್ಲರೂ ನಕ್ಕರು. ಮುಬೀನನೂ ನಕ್ಕ. ವರ್ಷದ ಪ್ಲಾನು ಪಾಸಾಯಿತು. ಅವಳಿಗೆ ಟೀಮ್ ಲೀಡ್ ಪಟ್ಟ ಸಿಗುವ ವರ್ಷ ಅದು, ಕೆಲಸ ಲೇಟಾಗುವುದು ಅವಳಿಗೆ ಬೇಡವಾಗಿತ್ತು.

ಆ ಭಾನುವಾರ ಬೆಳಿಗ್ಗೆ, ಸಿಸ್ಟಮ್ ನಿಲ್ಲಿಸಿ ಕೆಲಸ ಶುರುವಾದ ಹೊತ್ತಿಗೆ, ತಮ್ಮ ಆನಂದ್ ಫೋನ್ ಮಾಡಿದ. ತೋಟದ ಮನೆ ದೊಡ್ಡಪ್ಪನ ಕಾಲಿನ ಹುಣ್ಣು ಕೀವಾಗಿದೆ, ಮೈ ಕೆಂಡದಂತೆ ಸುಡುತ್ತಿದೆ, ಕೆ.ಆರ್. ಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂದ.

"ಸಂಜೆ ಕಡೆ ಹೋಗು ಕಣೋ. ಈಗ ಕಂಪ್ಯೂಟರೆಲ್ಲಾ ಬಂದ್ ಮಾಡಿದೀವಿ, ಸುಮ್ನೆ ಕಾಯಿಸ್ತಾರೆ. ಮತ್ತೆ ಆ ಹಳೇ ಚೀಟಿಗಳ ಗಂಟು ಹೊತ್ಕೊಂಡ್ ಹೋಗ್ಬೇಡಪ್ಪ, ಮಾನ ಹೋಗುತ್ತೆ. ಎಲ್ಲಾ ಸಿಸ್ಟಮ್ಮಲ್ಲೇ ಇರುತ್ತೆ."

"ಅದನ್ನೇ ದೊಡ್ಡಪ್ಪ ಊರಿಗೆಲ್ಲಾ ಡಂಗೂರ ಹೊಡ್ಕೊಂಡ್ ಬರ್ತಾ ಐತೆ" ಎಂದು ಆನಂದ್ ನಕ್ಕ. "ಆಸ್ಪತ್ರೆ ಕಂಪ್ಯೂಟರೆಲ್ಲಾ ನಮ್ಮ ಭವ್ಯಂದೇ ಅಂತ."

ಭವ್ಯಳಿಗೂ ನಗು ಬಂತು, ಹೊಟ್ಟೆಯೂ ತಣ್ಣಗಾಯಿತು. ಪಿಯುಸಿ ಮುಗಿದ ಕೂಡಲೇ ಮದುವೆ ಮಾಡಿ ಕೈ ತೊಳೆದುಕೊಳ್ಳಲು ಅಪ್ಪ ಹೊರಟಾಗ, "ಮಗು ಓದ್ಲಿ ಬಿಡ್ಲಾ. ನಿಂಗೆ ಭಾರವಾದ್ರೆ ನಮ್ಮನೇಲಿರ್ಲಿ" ಎಂದು ಅಡ್ಡ ನಿಂತವನು ಈ ದೊಡ್ಡಪ್ಪ. ಅವಳು ಇವತ್ತು ಈ ಕುರ್ಚಿಯಲ್ಲಿ ಕೂತಿದ್ದರೆ ಅದು ಅವನು ಕೂರಿಸಿದ್ದು.

ಮಧ್ಯಾಹ್ನ ದಾಟುವುದರೊಳಗೆ ಕೆಲಸ ಮುಗಿಯಿತು. ಸಾವಿರಾರು ಜೋಡಿಗಳು ಕೂಡಿಕೊಂಡವು, ಒಂದೂ ತಕರಾರು ಎತ್ತಲಿಲ್ಲ. ಆಸ್ಪತ್ರೆಗಳು ಒಂದೊಂದಾಗಿ ಚಾಲೂ ಆದವು. ಸಂಜೆ ಕಶ್ಯಪ್ ಹಲಸೂರಿನಿಂದ ಬಿಸಿ ಜಿಲೇಬಿ ತರಿಸಿದ. ಮುಬೀನ್ ಮಾತ್ರ ಜಿಲೇಬಿ ಕಡಿಯುತ್ತ, ಕೂಡಿಸಿದ ದಾಖಲೆಗಳನ್ನು ಸುಮ್ಮನೆ ಮೇಲೆ ಕೆಳಗೆ ಓಡಿಸಿ ನೋಡುತ್ತಿದ್ದ.

"ಏನ್ ಗುರೂ ನಿಮ್ಮ ಕೆ.ಆರ್. ಪುರದವರು!" ಅಂದ. "ಯಜಮಾನ್ರೆಲ್ಲಾ ಜೂನ್ ಒಂದಕ್ಕೇ ಹುಟ್ಟಿದಾರೆ. ಇಸ್ಕೂಲ್ ಬಾಗಿಲು ತೆಗೀಲಿ ಅಂತ ಹೊಟ್ಟೇಲೇ ಕಾಯ್ತಾ ಕೂತಿದ್ರಾ?"

"ಅದು ಮೇಷ್ಟ್ರು ಬರ್ಕೊಂಡಿದ್ದು ಕಣೋ. ಯಾರ್ ಮನೇಲಿ ತಾರೀಖು ನೆನಪಿಟ್ಟಿದ್ರು? ಸ್ಕೂಲಿಗೆ ಸೇರಿಸಿದ ಎಲ್ರಿಗೂ ಜೂನ್ ಒಂದು. ನಮ್ಮಪ್ಪಂಗೂ ಅದೇ, ದೊಡ್ಡಪ್ಪಂಗೂ..."

ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಜಿಲೇಬಿ ಮೇಜಿನ ಮೇಲೆ ಬಿತ್ತು.

ಅವಳ ಅಪ್ಪನ ಹೆಸರು ಮುನಿಆಂಜನಪ್ಪ. ದೊಡ್ಡಪ್ಪನ ಹೆಸರೂ ಮುನಿಆಂಜನಪ್ಪ. ಅವರ ಕಡೆ ಮನೆಯ ಮೊದಲ ಗಂಡುಮಗುವಿಗೆ ತಾತನ ಹೆಸರಿಡುವುದು ಪದ್ಧತಿ. ದೊಡ್ಡಪ್ಪ ಅಪ್ಪನ ಒಡಹುಟ್ಟಿದವನಲ್ಲ, ಅಪ್ಪನ ದೊಡ್ಡಪ್ಪನ ಮಗ. ಅಣ್ಣತಮ್ಮಂದಿರಿಬ್ಬರ ಎರಡು ಮನೆ, ಎರಡು ಮೊದಲ ಗಂಡು, ಒಬ್ಬನೇ ತಾತ. ಇಬ್ಬರನ್ನೂ ಕೈಹಿಡಿದು ಒಟ್ಟಿಗೇ ಸ್ಕೂಲಿಗೆ ಸೇರಿಸಿದ್ದರು, ಮೇಷ್ಟ್ರು ಇಬ್ಬರಿಗೂ ಒಂದೇ ಇಸವಿ, ಒಂದೇ ತಾರೀಖು ಗೀಚಿದ್ದರು. ಇನ್ನು ಮೊಬೈಲ್ ನಂಬರು? ಹಿರಿಯರಿಗೆ ಓಟಿಪಿ ಗೀಟಿಪಿ ತಲೆನೋವು ಬೇಡವೆಂದು ಎರಡೂ ಮನೆಯವರಿಗೆ ಆನಂದನೇ ತನ್ನ ನಂಬರು ಕೊಟ್ಟಿದ್ದ. ಇದೆಲ್ಲ ಭವ್ಯಳಿಗೆ ಗೊತ್ತಿಲ್ಲದ ಸಂಗತಿಯೇ? ಹುಟ್ಟಿದಾಗಿನಿಂದ ಗೊತ್ತು. ಮನೆಯ ಮಾತನ್ನು ಮನೆಯಲ್ಲೇ ಬಿಟ್ಟು ಆಫೀಸಿಗೆ ಬಂದಿದ್ದಳು, ಅಷ್ಟೇ.

ಹೆಸರು ಒತ್ತಿ ಹುಡುಕಿದಳು. ಒಬ್ಬನೇ ಮುನಿಆಂಜನಪ್ಪ. ಅಪ್ಪ ಹೋದ ತಿಂಗಳು ಮೊಳೆ ತುಳಿದುಕೊಂಡು ಆಸ್ಪತ್ರೆಗೆ ಹೋಗಿದ್ದನಲ್ಲ, ಆವತ್ತಿನ ದಾಖಲೆಯೇ ಉಳಿದುಕೊಂಡಿತ್ತು. ಪೆನ್ಸಿಲಿನ್ ಕೊಟ್ಟಿದೆ, ತೊಂದರೆಯಾಗಿಲ್ಲ. ಅಲರ್ಜಿ ಇಲ್ಲ.

ದೊಡ್ಡಪ್ಪನ ದಾಖಲೆಯಲ್ಲಿ ಕೆಂಪಕ್ಷರದ ಒಂದು ಸಾಲಿತ್ತು. ಅವಳು ಹೈಸ್ಕೂಲಿನಲ್ಲಿದ್ದಾಗ ಯಾವುದೋ ಕ್ಲಿನಿಕ್ಕಿನಲ್ಲಿ ಅದೇ ಪೆನ್ಸಿಲಿನ್ ಚುಚ್ಚಿಸಿಕೊಂಡು, ಮುಖ ಕುಂಬಳಕಾಯಿಯಂತೆ ಊದಿ, ಗಂಟಲು ಕಟ್ಟಿ, ಸಾವಿನ ಬಾಯಿಗೆ ಹೋಗಿ ಬಂದಿದ್ದ. ಇನ್ನೊಂದು ಸಲ ಅದು ಮೈಗೆ ಹೋದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಕೆಂಪು ಸಾಲನ್ನು ಅವಳ ನಿಯಮ ಇವತ್ತು ಬೆಳಿಗ್ಗೆ ಗುಡಿಸಿ ಹಾಕಿತ್ತು.

ಆನಂದನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಆಸ್ಪತ್ರೆಯ ನಂಬರು ಎಂಗೇಜ್.

"ಕಶ್ಯಪ್, ಎಲ್ಲಾ ನಿಲ್ಸು. ವಾಪಸ್ ತಗೋ. ಬೇರೆ ಬೇರೆ ಜನಾನ ಒಂದ್ ಮಾಡ್ಬಿಟ್ಟಿದೀವಿ!"

ಕಶ್ಯಪ್ ಕೈ ಒರೆಸಿಕೊಂಡು ಎದ್ದ. ಕೇಳಿಸಿಕೊಂಡ. ಮುಖ ಬಿಳಿಚಿಕೊಂಡಿತು, ಆದರೂ ದನಿ ಏರಲಿಲ್ಲ. "ಈಗ ವಾಪಸ್ ಹೋದ್ರೆ ಮಧ್ಯಾಹ್ನದಿಂದ ಡಾಕ್ಟರುಗಳು ಬರ್ದಿರೋದೆಲ್ಲಾ ಹೋಗುತ್ತೆ. ಅದ್ರಿಂದ ಇನ್ನೆಷ್ಟು ಜನಕ್ಕೆ ಏನಾಗುತ್ತೋ. ಲೈವ್ ಆದ್ಮೇಲೆ ಹಿಂದಕ್ಕಿಲ್ಲ ಅಂತ ಪ್ಲಾನಲ್ಲಿ ಹಾಕ್ದೋಳು ನೀನೇ ಅಲ್ವಾ? ಮೊದ್ಲು ನಿಮ್ಮ ದೊಡ್ಡಪ್ಪಂದು ಸರಿ ಮಾಡು. ಆಸ್ಪತ್ರೆಗಳಿಗೆ ನಾನ್ ಹೇಳ್ತೀನಿ."

ಕೆಂಪು ಸಾಲನ್ನು ವಾಪಸ್ ಹಾಕಿದಳು. ಆದರೆ ಡಾಕ್ಟರು ಅದಕ್ಕೆ ಮುಂಚೆಯೇ ನೋಡಿ ಬರೆದಾಗಿದ್ದರೆ? ಬರೆದ ಚೀಟಿ ನರ್ಸಿನ ಕೈ ಸೇರಿದ್ದರೆ? "ನೀನ್ ಹೊರಡು, ಆಸ್ಪತ್ರೆಗೆ ನಾನ್ ಮಾಡ್ತಾನೇ ಇರ್ತೀನಿ" ಎಂದು ಮುಬೀನ್ ಫೋನ್ ಕೈಗೆತ್ತಿಕೊಂಡ. ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡರೆ ಕಥೆ ಮುಗಿಯಿತೆಂದು ಅವಳು ಮೆಟ್ರೋಗೆ ಓಡಿದಳು.

ರೈಲಿನಲ್ಲಿ ಭಾನುವಾರದ ಜನ. ಮಕ್ಕಳು, ಮಾಲಿನ ಚೀಲಗಳು, ಯಾರದೋ ನಗು. ಎದುರಿನ ಸೀಟಿನಲ್ಲಿ ಒಬ್ಬ ಮುದುಕಪ್ಪ ಪಂಚೆ ಮಡಚಿ ಕೂತಿದ್ದ. ಇವನ ದಾಖಲೆಗೆ ಯಾರನ್ನು ಕೂಡಿಸಿದೆನೋ ಎಂದುಕೊಂಡಳು. ಬೆನ್ನಿಗಾನಹಳ್ಳಿ ದಾಟುವಾಗ ಸಿಕ್ಕ ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತಳು. ಆಸ್ಪತ್ರೆಯ ನಂಬರು ಇನ್ನೂ ಎಂಗೇಜ್ ಎಂದು ಮುಬೀನನ ಮೆಸೇಜು ಬಂತು.

ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ದೊಡ್ಡಪ್ಪ ದಿಂಬಿಗೆ ಒರಗಿ ಕೂತಿದ್ದ. ಕಾಲಿಗೆ ಹೊಸ ಬ್ಯಾಂಡೇಜು. ತಲೆಯ ಮೇಲೆ ಬಾಟಲಿ ತೂಗುತ್ತಿತ್ತು, ಹನಿ ಇಳಿಯುತ್ತಿತ್ತು. ಅವಳನ್ನು ಕಂಡದ್ದೇ ಮುಖ ಅರಳಿತು.

"ಬಂದ್ಯಾ ತಾಯಿ! ಆನಂದ ಔಷಧಿ ತರಾಕೆ ಕೆಳಗ್ ಹೋದ. ನೋಡಮ್ಮ ಸಿಸ್ಟರ್, ನಾನ್ ಹೇಳಿದ್ನಲ್ಲ, ಇವ್ಳೇ ನಮ್ಮುಡುಗಿ."

"ಸಿಸ್ಟರ್, ಆ ಬಾಟ್ಲೀಲಿ ಏನಿದೆ?" ಎಂದಳು ಭವ್ಯ.

"ಪೆನ್ಸಿಲಿನ್ ಮೇಡಮ್, ಈಗ್ತಾನೆ ಹಾಕ್ದೆ."

"ಟೆಸ್ಟ್ ಡೋಸ್ ಕೊಟ್ರಾ?"

"ಡಾಕ್ಟ್ರು ಚೀಟಿ ಬರೆಯೋವಾಗ, ಹೋದ ತಿಂಗಳು ತಗೊಂಡಿದಾರೆ, ಏನೂ ಆಗಿಲ್ಲ ಅಂತ ಸಿಸ್ಟಮ್ಮಲ್ಲಿತ್ತಲ್ಲ ಮೇಡಮ್. ಆದ್ರೂ ಇವರನ್ನ ಕೇಳ್ದೆ, ಯಾವ್ದಾದ್ರೂ ಔಷಧಿ ಆಗಲ್ವಾ ಅಂತ."

"ನನ್ನೇನ್ ಕೇಳ್ತೀಯವ್ವ ಅಂದೆ" ಎಂದ ದೊಡ್ಡಪ್ಪ, ಹೆಮ್ಮೆಯಿಂದ. "ನಮ್ಮುಡುಗಿ ಎಲ್ಲಾನೂ ಕಂಪ್ಯೂಟರ್‌ನಾಗೆ ಇಕ್ಕವ್ಳೆ, ಅದನ್ನೇ ಕೇಳು ಅಂದೆ." ಹೇಳುತ್ತ ಹೇಳುತ್ತ ಕತ್ತು ಕೆರೆದುಕೊಂಡ. ಕತ್ತಿನ ಮೇಲೆ ಕೆಂಪು ದದ್ದುಗಳು ಆಗಲೇ ಎದ್ದಿದ್ದವು.

ಭವ್ಯ ಹನಿಯ ನಳಿಕೆಯನ್ನು ಹಿಸುಕಿ ಹಿಡಿದು, ವಾರ್ಡೆಲ್ಲ ತಿರುಗಿ ನೋಡುವಂತೆ ಕಿರುಚಿದಳು. "ಡಾಕ್ಟ್ರನ್ನ ಕರೀರಿ! ಇವ್ರಿಗೆ ಇದು ಆಗಲ್ಲ! ಏನ್ರೀ ಮಾಡಿದ್ರಿ, ಕಣ್ಣಿಲ್ವಾ ನಿಮಗೆ?"

ನರ್ಸು ಅಳುವ ಮುಖ ಮಾಡಿಕೊಂಡು ಓಡಿದಳು. ದೊಡ್ಡಪ್ಪನ ತುಟಿ ದಪ್ಪಗಾಗುತ್ತಿತ್ತು, ಉಸಿರು ಸಿಳ್ಳೆ ಹಾಕುತ್ತಿತ್ತು. ಅವನು ಭವ್ಯಳ ಮುಂಗೈ ಹಿಡಿದು ಹತ್ತಿರಕ್ಕೆಳೆದುಕೊಂಡ.

"ಆ ಮಗೂನ ಬಯ್ಯಬ್ಯಾಡ ಕಣವ್ವ. ಪಾಪ, ನೀನ್ ಬರ್ದಿದ್ದನ್ನೇ ಓದವ್ಳೆ."

ಡಾಕ್ಟರು ಬಂದರು, ಪರದೆ ಎಳೆದರು, ಅವಳನ್ನು ಹೊರಗೆ ಕಳಿಸಿದರು. ಆನಂದ್ ಔಷಧಿ ಚೀಲ ಹಿಡಿದು ಬಂದಾಗ ಪರದೆಯಾಚೆ ಎಲ್ಲ ಸದ್ದೂ ನಿಂತಿತ್ತು. ದೊಡ್ಡಪ್ಪ ಮತ್ತೆ ಮಾತಾಡಲಿಲ್ಲ.

"ಏನಾಯ್ತಕ್ಕ? ಯಾರೇನ್ ಮಾಡಿದ್ರು?" ಎಂದು ಆನಂದ್ ಅವಳ ಭುಜ ಹಿಡಿದು ಅಲ್ಲಾಡಿಸಿದ.

"ನಾನೇ ಕಣೋ" ಎಂದಳು ಭವ್ಯ.